ನೀರಿಗೆ ಮೈ ಇದೆ, ಬೆಂಕಿಗೆ ನಾವೇ ಕೊಡಬೇಕು: ಸಿಮ್ಯುಲೇಷನ್‌ನಿಂದ ಗಟ್ಟಿ ಮೆಶ್ ತೆಗೆಯಲು ಯಾವ ದಾರಿ ಹಿಡಿಯಬೇಕು?

ಕಳೆದ ಮಳೆಗಾಲದಲ್ಲಿ ಮುನಿರಾಬಾದಿನ ಹುಡುಗನೊಬ್ಬ ಬಳ್ಳಾರಿಯಿಂದ ನನ್ನನ್ನು ಹುಡುಕಿ ಫೋನ್ ಮಾಡಿದ. ಕೊಪ್ಪಳದಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಪ್ರಾಜೆಕ್ಟಿಗೆ ತುಂಗಭದ್ರಾ ಜಲಾಶಯದ ಮಾದರಿ ಮಾಡುತ್ತಿದ್ದ. ಗೋಡೆ, ಕಂಬ, ಗೇಟು ಎಲ್ಲವೂ ತ್ರೀಡಿ ಪ್ರಿಂಟರಿನಲ್ಲಿ ಸರಿಯಾಗಿ ಬಂದಿದ್ದವು. ಗೇಟಿನಿಂದ ಧುಮುಕುವ ನೀರನ್ನೂ ಪ್ರಿಂಟ್ ಮಾಡಿ ಅಂಟಿಸಬೇಕು ಅನ್ನುವುದು ಅವನ ಆಸೆ. ಬ್ಲೆಂಡರ್ ಎಂಬ ತ್ರೀಡಿ ಸಾಫ್ಟ್‌ವೇರಿನಲ್ಲಿ ಕೂತು ಮೂರು ದಿನ ಸಿಮ್ಯುಲೇಷನ್, ಅಂದರೆ ನೀರು ಹೇಗೆ ಹರಿಯುತ್ತದೆ ಎಂಬ ಲೆಕ್ಕದ ಅನುಕರಣೆ, ಮಾಡಿದ್ದ.

"ಅಣ್ಣಾ, ಪರದೆ ಮ್ಯಾಲ ನೀರು ಚೊಲೋ ಬೀಳ್ತೈತ್ರಿ. ಎಸ್‌ಟಿಎಲ್ ಮಾಡಿದ್ರ ನೀರೇ ಇಲ್ಲ, ಬರೇ ಒಂದು ಡಬ್ಬಿ ಬರ್ತೈತಿ" ಅಂದ. ಎಸ್‌ಟಿಎಲ್ ಎಂದರೆ ಪ್ರಿಂಟರಿಗೆ ಕೊಡುವ ಕಡತದ ರೂಪ.

ಅದೇ ತಿಂಗಳು ರಾಯಚೂರು ಕಡೆಯ ಶಾಲೆಯ ಟೀಚರೊಬ್ಬರು ಒಂದು ಕೆಲಸ ಕೇಳಿದರು. ಮೊಹರಂನಲ್ಲಿ ಊರೂರಿಗೆ ತೋಡುವ ಅಲಾಯಿ ಕುಣಿ, ಅದರ ಸುತ್ತ ಹೆಜ್ಜೆ ಹಾಕುವ ಜನ, ನಡುವೆ ಏಳುವ ಬೆಂಕಿ, ಇಷ್ಟರದ್ದು ಒಂದು ಸಣ್ಣ ಮಾದರಿ. ಬೆಂಕಿಯನ್ನು ಪಾರದರ್ಶಕ ರೆಸಿನ್‌ನಲ್ಲಿ ಮಾಡಿ ಕೆಳಗೆ ಎಲ್‌ಇಡಿ ಇಡುವುದು ಅವರ ಯೋಚನೆ. ಮೇಡಮ್ಮೋರ ಮಗ ಮನೆಯಲ್ಲೇ ಬೆಂಕಿಯ ಸಿಮ್ಯುಲೇಷನ್ ಮಾಡಿ ಕಳಿಸಿದ್ದ. ತೆರೆದು ನೋಡಿದರೆ ಅದರಲ್ಲೂ ಡಬ್ಬಿ.

ಇಬ್ಬರಿಗೂ ಬಂದದ್ದು ಡೊಮೇನ್ ಅನ್ನುವ ಆ ಡಬ್ಬಿಯೇ, ಸಿಮ್ಯುಲೇಷನ್ ನಡೆಯುವ ಜಾಗದ ಗಡಿ ಅದು. ಆದರೆ ಕಾರಣ ಬೇರೆ ಬೇರೆ. ಹುಡುಗನ ನೀರಿನಲ್ಲಿ ಮೆಶ್ (ತ್ರಿಕೋನಗಳಿಂದ ಹೆಣೆದ ಮೈ) ಅನ್ನುವ ಆಯ್ಕೆಗೆ ಟಿಕ್ ಹಾಕಿರಲಿಲ್ಲ, ಅಷ್ಟೇ. ಬೆಂಕಿಯಲ್ಲಿ ಟಿಕ್ ಹಾಕಲು ಅಂಥ ಆಯ್ಕೆಯೇ ಇಲ್ಲ. ಈ ವ್ಯತ್ಯಾಸ ಮನಸ್ಸಿಗೆ ಇಳಿದರೆ ಮುಂದಿನ ಆಯ್ಕೆಗಳಲ್ಲಿ ಅರ್ಧಕ್ಕರ್ಧ ತಾನಾಗಿ ಬಗೆಹರಿಯುತ್ತವೆ. ಯಾವ ವಿಧಾನ ಶ್ರೇಷ್ಠ ಎಂದು ಹುಡುಕುವುದಕ್ಕಿಂತ, ನಮ್ಮ ಸಿಮ್ಯುಲೇಷನ್ ಒಳಗೆ ಏನಿದೆ, ಹೊರಗೆ ಬಂದ ಮೆಶ್ ಎಲ್ಲಿಗೆ ಹೋಗುತ್ತದೆ ಎಂದು ಕೇಳಿಕೊಳ್ಳುವುದು ಮೊದಲು.

ಡಬ್ಬಿಯ ಒಳಗೆ ಏನಿದೆ

ಬ್ಲೆಂಡರಿನಲ್ಲಿ ಈಗಿರುವ ನೀರು-ಹೊಗೆ ಯಂತ್ರದ ಹೆಸರು ಮಾಂಟಾಫ್ಲೋ. 2020ರ ಫೆಬ್ರವರಿಯಲ್ಲಿ ಬಂದ 2.82ನೇ ಆವೃತ್ತಿಯಿಂದ ಇದೆ. ಅದರ ನೀರು ಫ್ಲಿಪ್ ಅನ್ನುವ ವಿಧಾನದಲ್ಲಿ ನಡೆಯುತ್ತದೆ. 1986ರಲ್ಲಿ ಬ್ರ್ಯಾಕ್‌ಬಿಲ್ ಮತ್ತು ರಪ್ಪೆಲ್ ಎಂಬ ಇಬ್ಬರು ಇದನ್ನು ಭೌತಶಾಸ್ತ್ರದ ಲೆಕ್ಕಕ್ಕಾಗಿ ರೂಪಿಸಿದರು. 2005ರಲ್ಲಿ ಝು ಮತ್ತು ಬ್ರಿಡ್ಸನ್ ಗ್ರಾಫಿಕ್ಸಿಗೆ ತಂದರು. ಇದರಲ್ಲಿ ನೀರು ಎಂದರೆ ಸಾವಿರಾರು, ಲಕ್ಷಾಂತರ ಪಾರ್ಟಿಕಲ್‌ಗಳು, ಅಂದರೆ ಕಣಗಳು. ಪ್ರತಿಯೊಂದೂ ತನ್ನ ವೇಗವನ್ನು ತಾನೇ ಹೊತ್ತಿರುತ್ತದೆ. ಹೆಜ್ಜೆಹೆಜ್ಜೆಗೂ ಆ ವೇಗಗಳನ್ನು ವಾಕ್ಸೆಲ್‌ಗಳ, ಅಂದರೆ ಚಿಕ್ಕ ಚಿಕ್ಕ ಘನದ ಖಾನೆಗಳ ಜಾಲಕ್ಕೆ ಇಳಿಸಿ, ನೀರು ಕುಗ್ಗದಂತೆ ಒತ್ತಡದ ಲೆಕ್ಕ ಮಾಡಿ, ಆದ ಬದಲಾವಣೆಯನ್ನು ಮತ್ತೆ ಪಾರ್ಟಿಕಲ್‌ಗಳಿಗೆ ಹಿಂದಿರುಗಿಸುತ್ತದೆ. ಬ್ಲೆಂಡರ್ ತಾನಾಗಿ ಒಂದೊಂದು ಖಾನೆಗೆ ಎರಡೆರಡರಂತೆ ಮೂರೂ ದಿಕ್ಕಿಗೆ, ಅಂದರೆ ಎಂಟು ಪಾರ್ಟಿಕಲ್ ತುಂಬುತ್ತದೆ. ಹಾಗಾಗಿ ನೀರಿನ ಅಂಚು ಎಲ್ಲಿದೆ ಅನ್ನುವುದು ಅದಕ್ಕೆ ಮೊದಲೇ ಗೊತ್ತು: ಪಾರ್ಟಿಕಲ್ ಇರುವಲ್ಲಿ ನೀರು, ಇಲ್ಲದಲ್ಲಿ ಗಾಳಿ.

ಬೆಂಕಿ ಹಾಗಲ್ಲ. ಅಲ್ಲಿ ಇರುವುದು ಬರೀ ಜಾಲ. ಪ್ರತಿ ಖಾನೆಯಲ್ಲೂ ಕೆಲವು ಅಂಕಿಗಳು: ಹೊಗೆಯ ದಟ್ಟಣೆ ಎಷ್ಟು, ತಾಪ ಎಷ್ಟು, ಜ್ವಾಲೆ ಎಷ್ಟು, ಗಾಳಿಯ ವೇಗ ಯಾವ ಕಡೆ. ಒಂದು ಖಾನೆಯಲ್ಲಿ ಜ್ವಾಲೆ 0.8, ಪಕ್ಕದ್ದರಲ್ಲಿ 0.5, ಅದರಾಚೆ 0.1. ಬೆಂಕಿ ಎಲ್ಲಿ ಮುಗಿಯಿತು? ಅದನ್ನು ನಾವು ಹೇಳಬೇಕು.

ಎರಡಕ್ಕೂ ಕೊನೆಯ ಹೆಜ್ಜೆ ಒಂದೇ. ಒಂದು ಅಂಕಿಯನ್ನು ಗಡಿಯೆಂದು ಇಟ್ಟುಕೊಂಡು, ಆ ಗಡಿ ಹಾದುಹೋಗುವ ಖಾನೆಗಳಲ್ಲೆಲ್ಲ ತ್ರಿಕೋನಗಳನ್ನು ಹೆಣೆಯುವುದು. ಇದರ ಮೂಲ 1987ರಲ್ಲಿ ಲೊರೆನ್ಸೆನ್ ಮತ್ತು ಕ್ಲೈನ್ ಪ್ರಕಟಿಸಿದ ಮಾರ್ಚಿಂಗ್ ಕ್ಯೂಬ್ಸ್. ಖಾನೆಗೆ ಎಂಟು ಮೂಲೆ. ಪ್ರತಿ ಮೂಲೆ ಒಳಗೋ ಹೊರಗೋ ಎಂದು ನೋಡಿದರೆ 256 ಬಗೆ. ಸುತ್ತಿಸಿ ತಿರುಗಿಸಿ ನೋಡಿದರೆ ಅವು 15 ಮಾದರಿಗಳಿಗೆ ಇಳಿಯುತ್ತವೆ. ನಾವು ಒತ್ತುವ ಬಟನ್ನು ಯಾವುದಾದರೂ ಆಗಲಿ, ಹಿಂದೆ ನಡೆಯುವುದು ಹೆಚ್ಚುಕಡಿಮೆ ಇದೇ ಕೆಲಸ.

ನೀರು: ಮೊದಲು ಮನೆಯಲ್ಲಿರುವುದನ್ನೇ ಬಳಸಿ

ಹುಡುಗ ಮಾಡುತ್ತಿದ್ದದ್ದು ಇಡೀ ಜಲಾಶಯವಲ್ಲ. 33 ಗೇಟುಗಳಲ್ಲಿ ನಾಲ್ಕು ಮಾತ್ರ, 18ರಿಂದ 21ರವರೆಗೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋದದ್ದು ನಮ್ಮ ಭಾಗದವರು ಯಾರೂ ಮರೆಯುವಂಥದ್ದಲ್ಲ. ಅವನು ಆಗ ದಂಡೆಯ ಮೇಲೆ ನಿಂತು ನೋಡಿದ್ದನಂತೆ. ಆ ಒಂದು ಗೇಟಿನ ಜಾಗದಲ್ಲಿ ಮಾತ್ರ ನೀರು ಬೇರೆ ಥರ ನುಗ್ಗುವುದನ್ನು ತೋರಿಸಬೇಕೆಂಬುದು ಅವನ ಹಟ. ಆ ಹಟ ನನಗೂ ಹಿಡಿಸಿತು.

ಮೊದಲು ಪೆನ್ನು ಹಾಳೆ ತೆಗೆದುಕೊಂಡು ಅಳತೆ ಲೆಕ್ಕ ಮಾಡಿದೆವು. ಇದನ್ನು ಬಿಟ್ಟು ನೇರ ಸಾಫ್ಟ್‌ವೇರಿಗೆ ಹೋಗುವವರೇ ಹೆಚ್ಚು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಂದು ಗೇಟಿನ ಅಗಲ 60 ಅಡಿ, ಎತ್ತರ 20 ಅಡಿ. ನಾಲ್ಕು ಗೇಟು ಸೇರಿ 73 ಮೀಟರ್. ನಡುವಿನ ಕಂಬ, ಆಚೀಚೆಯ ಜಾಗ ಎಲ್ಲ ಹಿಡಿದು ಡೊಮೇನ್ 100 ಮೀಟರ್ ಎಂದಿಟ್ಟೆವು. ಅವನ ಪ್ರಿಂಟರಿನ ಹಾಸು 220 ಮಿಲಿಮೀಟರ್. ಹಾಗಾಗಿ 500ಕ್ಕೆ 1ರ ಅಳತೆ, ಮಾದರಿಯ ಉದ್ದ 200 ಮಿಲಿಮೀಟರ್. ಪ್ರಿಂಟರಿನ ನಾಜಲ್, ಅಂದರೆ ಪ್ಲಾಸ್ಟಿಕ್ ಎಳೆ ಹೊರಬರುವ ಬಾಯಿ, 0.4 ಮಿಲಿಮೀಟರ್. ಗೋಡೆ ನಿಲ್ಲಬೇಕಾದರೆ ಕನಿಷ್ಠ ಎರಡು ಎಳೆ ಬೇಕು, ಅಂದರೆ 0.8 ಮಿಲಿಮೀಟರ್. ಅದು ನಿಜವಾದ ನೀರಿನಲ್ಲಿ 40 ಸೆಂಟಿಮೀಟರ್ ದಪ್ಪ.

ಈಗ ಡೊಮೇನಿಗೆ 256 ರೆಸಲ್ಯೂಷನ್ ಕೊಟ್ಟರೆ ಒಂದು ಖಾನೆ 100 ಭಾಗಿಸು 256, ಅಂದರೆ 39 ಸೆಂಟಿಮೀಟರ್. ಪ್ರಿಂಟಿನಲ್ಲಿ 0.78 ಮಿಲಿಮೀಟರ್. ಪ್ರಿಂಟರಿಗೆ ಹಿಡಿಯಲಾಗುವ ಕನಿಷ್ಠ ದಪ್ಪಕ್ಕೆ ಖಾನೆ ಸರಿಹೋಯಿತು. ಹುಡುಗ 400 ಇಟ್ಟುಕೊಂಡು ಮೂರು ದಿನ ಲ್ಯಾಪ್‌ಟಾಪ್ ಕಾಯಿಸಿದ್ದ. ಆ ಹೆಚ್ಚಿನ ವಿವರವೆಲ್ಲ ನಾಜಲ್ಲಿನ ಬಾಯಲ್ಲಿ ಕರಗಿಹೋಗುವಂಥದ್ದು. ರೆಸಲ್ಯೂಷನ್ ದುಪ್ಪಟ್ಟಾದರೆ ಖಾನೆಗಳು ಎಂಟು ಪಟ್ಟಾಗುತ್ತವೆ: ಎಲ್ಲ ಬದಿಯೂ ಸಮ ಇರುವ ಡೊಮೇನಿನಲ್ಲಿ 128ಕ್ಕೆ 20,97,152 ಖಾನೆ, 256ಕ್ಕೆ 1,67,77,216. ನೀರು ಒಂದು ಖಾನೆಯನ್ನು ಬೇಗ ದಾಟುವುದರಿಂದ ಲೆಕ್ಕದ ಹೆಜ್ಜೆಗಳೂ ಹೆಚ್ಚುತ್ತವೆ, ಸಮಯ ಎಂಟು ಪಟ್ಟಿಗಿಂತ ಮೇಲೆ ಹೋಗುತ್ತದೆ.

ಹೀಗೆ ಲೆಕ್ಕ ಹಾಕಿದ ಮೇಲೆ ಮೆಶ್‌ಗೆ ಟಿಕ್ ಹಾಕಿ, ಬ್ಲೆಂಡರ್ ತಾನೇ ಹೆಣೆಯುವ ಮೈಯನ್ನು ನೋಡಿದೆವು. ನೀರಿನ ವಿಷಯದಲ್ಲಿ ನನ್ನ ಸಲಹೆ ಯಾವಾಗಲೂ ಇದೇ: ಮೊದಲು ಇದನ್ನು ಪೂರ್ತಿ ಪ್ರಯತ್ನಿಸಿ, ಆಮೇಲೆ ಬೇರೆ ದಾರಿ. ಮೆಶ್ ಹೆಣೆಯುವ ಖಾನೆಯನ್ನು ಸಿಮ್ಯುಲೇಷನ್‌ನ ಖಾನೆಗಿಂತ ಚಿಕ್ಕದಾಗಿ ಮಾಡಲು ಅಪ್‌ರೆಸ್ ಫ್ಯಾಕ್ಟರ್ ಇದೆ. ಪಾರ್ಟಿಕಲ್‌ನ ತ್ರಿಜ್ಯ ಹೆಚ್ಚುಕಡಿಮೆ ಮಾಡಬಹುದು. ಉಬ್ಬು ತಗ್ಗುಗಳನ್ನು ಬೇರೆ ಬೇರೆಯಾಗಿ ನಯ ಮಾಡುವ ಎರಡು ಆಯ್ಕೆಗಳಿವೆ. ಬಂದ ಮೈ ಮುಚ್ಚಿದ ಮೈ, ತೂತಿರುವುದಿಲ್ಲ, ಪ್ರಿಂಟರಿಗೆ ನೇರವಾಗಿ ಹೋಗುತ್ತದೆ. ಡೇಟಾ ಒಮ್ಮೆ ಬೇಕ್ ಆದ ಮೇಲೆ, ಅಂದರೆ ಲೆಕ್ಕ ಮುಗಿದು ಡಿಸ್ಕಿನಲ್ಲಿ ಉಳಿದ ಮೇಲೆ, ಮೆಶ್ ಒಂದನ್ನೇ ಮತ್ತೆ ಮತ್ತೆ ಬೇಕ್ ಮಾಡಬಹುದು. ಇದಕ್ಕೆ ಕ್ಯಾಶ್‌ನ (ಹೀಗೆ ಉಳಿಸಿಟ್ಟ ಕಡತಗಳ) ಬಗೆಯನ್ನು ಮಾಡ್ಯುಲರ್ ಎಂದು ಇಟ್ಟಿರಬೇಕು.

ಇದರ ಕೊರತೆ ಒಂದು: ತೆಳುವಾದ ನೀರು. ಗೇಟಿನ ತುಟಿಯಿಂದ ಬಗ್ಗಿ ಬೀಳುವ ನೀರು ಕೆಳಗೆ ಹೋದಂತೆ ಎಳೆದು ತೆಳ್ಳಗಾಗುತ್ತದೆ. ಒಂದು ಖಾನೆಗಿಂತ ತೆಳುವಾದ ಕೂಡಲೇ ಹರಿದು ಚೂರು ಚೂರಾಗುತ್ತದೆ. ನೊರೆ, ತುಂತುರು ಅನ್ನುವ ಪಾರ್ಟಿಕಲ್‌ಗಳು ಈ ಮೆಶ್‌ನಲ್ಲಿ ಬರುವುದೇ ಇಲ್ಲ, ಅವು ಬೇರೆ ಪಟ್ಟಿ. 19ನೇ ಗೇಟಿನ ಜಾಗದಲ್ಲಿ ಅವನಿಗೆ ಬೇಕಾಗಿದ್ದದ್ದೇ ಆ ಹರಿದ, ಸಿಡಿದ ನೀರು. ಅಲ್ಲಿಂದ ನಮಗೆ ಪಾರ್ಟಿಕಲ್ ದಾರಿ ಬೇಕಾಯಿತು.

ಮಂಡಕ್ಕಿ ಉಂಡಿಯ ಲೆಕ್ಕ

ಪಾರ್ಟಿಕಲ್‌ಗಳಿಂದ ಮೈ ಮಾಡುವುದು ಎಂದರೆ ಮಂಡಕ್ಕಿ ಉಂಡಿ ಕಟ್ಟಿದ ಹಾಗೆ. ಮಂಡಕ್ಕಿ ಬಿಡಿಬಿಡಿಯಾಗಿರುತ್ತದೆ, ಬೆಲ್ಲದ ಪಾಕ ಅವನ್ನು ಹಿಡಿಯುತ್ತದೆ. ಪಾಕ ಸಾಲದಿದ್ದರೆ ಕಾಳುಗಳು ಉದುರುತ್ತವೆ. ಪಾಕ ಜಾಸ್ತಿಯಾದರೆ ಉಂಡಿ ಗಟ್ಟಿ ಗುಂಡು, ಒಳಗೆ ಮಂಡಕ್ಕಿ ಇದೆಯೋ ಇಲ್ಲವೋ ಗೊತ್ತಾಗದು. ಇಲ್ಲಿ ಪಾಕ ಎಂದರೆ ಪಾರ್ಟಿಕಲ್‌ನ ತ್ರಿಜ್ಯ. ಖಾನೆಗೆ ಎಂಟು ಪಾರ್ಟಿಕಲ್ ಇದ್ದರೆ ಒಂದಕ್ಕೂ ಇನ್ನೊಂದಕ್ಕೂ ನಡುವೆ ಸುಮಾರು ಅರ್ಧ ಖಾನೆ ಅಂತರ. ತ್ರಿಜ್ಯ ಅದಕ್ಕಿಂತ ಚಿಕ್ಕದಾದರೆ ಮೈ ಬಿಡಿ ಕಾಳಾಗುತ್ತದೆ. ನಾನು ಸಿಮ್ಯುಲೇಷನ್‌ನ ಒಂದು ಖಾನೆಯಷ್ಟು ತ್ರಿಜ್ಯ ಇಟ್ಟು ಶುರು ಮಾಡುತ್ತೇನೆ, ಅಲ್ಲಿಂದ ಇಳಿಸುತ್ತ ಬರುತ್ತೇನೆ.

ಇನ್ನೊಂದು ಅಂಕಿ ಇದಕ್ಕೆ ಜೋಡಿ: ಮೈ ಹೆಣೆಯುವ ವಾಕ್ಸೆಲ್‌ನ ಗಾತ್ರ. ಅದು ತ್ರಿಜ್ಯದ ಅರ್ಧಕ್ಕಿಂತ ದೊಡ್ಡದಿರಬಾರದು. ದೊಡ್ಡದಾದರೆ ಗುಂಡಗಿನ ಹನಿ ಮೂಲೆಮೂಲೆಯ ಹರಳಾಗುತ್ತದೆ, ಇಲ್ಲವೇ ಕಾಣದಂತಾಗುತ್ತದೆ. ಹೂಡಿನಿ ಎಂಬ ಇನ್ನೊಂದು ತ್ರೀಡಿ ಸಾಫ್ಟ್‌ವೇರಿನಲ್ಲಿ ಪಾರ್ಟಿಕಲ್‌ನಿಂದ ವಿಡಿಬಿ (ವಾಕ್ಸೆಲ್‌ಗಳ ಜಾಲ) ಮಾಡುವ ನೋಡ್ ಒಂದೂವರೆ ವಾಕ್ಸೆಲ್‌ಗಿಂತ ಸಣ್ಣ ತ್ರಿಜ್ಯದ ಪಾರ್ಟಿಕಲ್‌ಗಳನ್ನು ತಾನಾಗಿಯೇ ಬಿಟ್ಟುಬಿಡುತ್ತದೆ. "ನನ್ನ ತುಂತುರು ಎಲ್ಲಿ ಹೋಯಿತು" ಎಂದು ಕೇಳುವವರು ಮೊದಲು ಅಲ್ಲಿ ನೋಡಬೇಕು.

ಬ್ಲೆಂಡರಿನಲ್ಲಿ ಇದನ್ನು ಮಾಡಲು ಎರಡು ಒಳ್ಳೆಯ ದಾರಿಗಳಿವೆ. ಕೆಲಸದ ಹೆಜ್ಜೆಗಳನ್ನು ಸರಪಳಿಯಂತೆ ಜೋಡಿಸುವ ಜಿಯಾಮೆಟ್ರಿ ನೋಡ್ಸ್‌ನಲ್ಲಿ ಬಿಂದುಗಳನ್ನು ಪಾಯಿಂಟ್ಸ್ ಟು ವಾಲ್ಯೂಮ್‌ಗೆ ಕೊಟ್ಟು, ಅದನ್ನು ವಾಲ್ಯೂಮ್ ಟು ಮೆಶ್‌ಗೆ ಕೊಡುವುದು ಒಂದು. ತ್ರಿಜ್ಯ, ವಾಕ್ಸೆಲ್ ಎರಡನ್ನೂ ಕಣ್ಣೆದುರೇ ತಿರುಗಿಸಿ ನೋಡಬಹುದು. ತೊಡಕೆಂದರೆ ಹಳೆಯ ಪಾರ್ಟಿಕಲ್ ವ್ಯವಸ್ಥೆಯ ಕಣಗಳನ್ನು ನೋಡ್ಸ್ ನೇರವಾಗಿ ಓದುವುದಿಲ್ಲ. ನಡುವೆ ಪಾರ್ಟಿಕಲ್ ಇನ್‌ಸ್ಟೆನ್ಸ್ ಮಾಡಿಫೈಯರ್ ಹಾಕಿ, ಒಂದೇ ಬಿಂದುವಿರುವ ಮೆಶ್ಶನ್ನು ಕಣಕಣಕ್ಕೂ ನೆಡಿಸಿ, ಆ ಬಿಂದುಗಳನ್ನು ನೋಡ್ಸ್‌ಗೆ ಕೊಡಬೇಕು.

ಇನ್ನೊಂದು ಇದಕ್ಕಿಂತ ಹಳ್ಳಿಯ ದಾರಿ, ಆದರೆ ಗಟ್ಟಿ. ಪ್ರತಿ ಕಣದ ಜಾಗದಲ್ಲಿ 20 ಮುಖಗಳ ಚಿಕ್ಕ ಐಕೋಸ್ಫಿಯರ್ ಇಡುವುದು, ಎಲ್ಲ ಒಂದರೊಳಗೊಂದು ನುಗ್ಗಿ ಕೂತ ಮೇಲೆ ವಾಕ್ಸೆಲ್ ರೀಮೆಶ್ ಮಾಡುವುದು, ಅಂದರೆ ಎಲ್ಲವನ್ನೂ ಒಂದೇ ಮೈಯಾಗಿ ಮತ್ತೆ ಹೆಣೆಯುವುದು. ಹತ್ತು ಸಾವಿರ ಕಣಕ್ಕೆ ಎರಡು ಲಕ್ಷ ಮುಖ, ಸಾಧಾರಣ ಲ್ಯಾಪ್‌ಟಾಪ್ ತಾಳುತ್ತದೆ. ಒಂದೇ ಫ್ರೇಮು ಸಾಕೆಂದಿದ್ದರೆ ನಾನು ಇದನ್ನೇ ಹೇಳುತ್ತೇನೆ. ಹುಡುಗನ ತುಂತುರನ್ನು ಹೀಗೇ ಮಾಡಿದೆವು: ಕಣಗಳನ್ನು ಗುಂಡುಗಳಾಗಿ ತೋರಿಸಿ, ಬೇಕಾದ ಫ್ರೇಮಿನಲ್ಲಿ ನಿಲ್ಲಿಸಿ, ಇನ್‌ಸ್ಟೆನ್ಸ್‌ಗಳನ್ನು ನಿಜದ ಮೆಶ್ ಆಗಿ ಬದಲಿಸಿ, ನೀರಿನ ಮೈ ಜೊತೆ ಕೂಡಿಸಿ, 0.2 ಮೀಟರ್ ವಾಕ್ಸೆಲ್‌ನಲ್ಲಿ ರೀಮೆಶ್. ಗುಂಡಿನ ತ್ರಿಜ್ಯ 40 ಸೆಂಟಿಮೀಟರ್ ಇಟ್ಟೆವು, ನಿಜದ ಹನಿಗಿಂತ ಎಷ್ಟೋ ಪಟ್ಟು ದಪ್ಪ. 500ಕ್ಕೆ 1ರ ಮಾದರಿಯಲ್ಲಿ ನಿಜದ ಹನಿ ಇಟ್ಟರೆ ಪ್ರಿಂಟರಿಗೆ ಅದು ಇಲ್ಲದಂತೆಯೇ. ಇಲ್ಲಿ ಅಳತೆಗೆ ನಿಷ್ಠೆ ಬಿಟ್ಟು ಕಣ್ಣಿಗೆ ನಿಷ್ಠೆ ತೋರಬೇಕಾಗುತ್ತದೆ.

ಹೀಗೆ ಮಾಡಿದ ಮೈ ಮೇಲೆ ಗುಳ್ಳೆ ಗುಳ್ಳೆ ಕಾಣುವುದು ಸಹಜ. ಸ್ಮೂತ್ ಮಾಡಿಫೈಯರನ್ನು ಹತ್ತಿಪ್ಪತ್ತು ಸಲ ಓಡಿಸಿದರೆ ಗುಳ್ಳೆಯ ಜೊತೆ ತೆಳು ಅಂಚುಗಳೂ ಹೋಗುತ್ತವೆ. ಕೊಪ್ಪಳದ ಕಿನ್ನಾಳದಲ್ಲಿ ಮರದ ಬೊಂಬೆ ಮಾಡುವವರ ಕೈ ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಮರದ ತುಂಡುಗಳನ್ನು ಜೋಡಿಸಿ, ಹುಣಸೆಬೀಜದ ಅಂಟಿನಲ್ಲಿ ಅರಿವೆ ಅಂಟಿಸಿ, ಮೇಲೆ ಕಲ್ಲಿನ ಪುಡಿಯ ಲೇಪ ಕೊಡುತ್ತಾರೆ. ಸಂದುಗಳು ಮುಚ್ಚುತ್ತವೆ, ಮೂಗು ಮಾತ್ರ ಚೂಪಾಗಿ ಉಳಿಯುತ್ತದೆ. ಮೊದಲು ತುಂಬಿ, ಆಮೇಲೆ ಉಜ್ಜಿ ಇಳಿಸುವುದು. ಸಾಫ್ಟ್‌ವೇರಿನಲ್ಲೂ ಅದೇ ಕ್ರಮ: ತ್ರಿಜ್ಯವನ್ನು ಬೇಕಾದ್ದಕ್ಕಿಂತ ಹೆಚ್ಚು ಇಟ್ಟು ಮೈ ಹಿಗ್ಗಿಸಿ, ಸ್ವಲ್ಪ ನಯ ಮಾಡಿ, ಡಿಸ್‌ಪ್ಲೇಸ್ ಮಾಡಿಫೈಯರಿನಲ್ಲಿ ಋಣ ಅಂಕಿ ಕೊಟ್ಟು ಹಿಗ್ಗಿದಷ್ಟನ್ನು ಒಳಕ್ಕೆ ಎಳೆಯಿರಿ. ಸಂದುಗಳು ತುಂಬಿರುತ್ತವೆ, ದಪ್ಪ ಮೊದಲಿನಷ್ಟೇ ಇರುತ್ತದೆ. ಹೂಡಿನಿಯ ಪಾರ್ಟಿಕಲ್ ಫ್ಲೂಯಿಡ್ ಸರ್ಫೇಸ್ ನೋಡ್‌ನಲ್ಲಿ ಹಿಗ್ಗಿಸು, ನಯಮಾಡು, ಕುಗ್ಗಿಸು ಎಂಬ ಈ ಮೂರೂ ಸಾಲಾಗಿ ಇವೆ.

ತೆಳು ನೀರಿಗೆ ಇದಕ್ಕಿಂತ ಜಾಣ ಪರಿಹಾರವೊಂದನ್ನು 2010ರಲ್ಲಿ ಯು ಮತ್ತು ಟರ್ಕ್ ತೋರಿಸಿದರು. ಎಲ್ಲ ಕಣವನ್ನೂ ಗುಂಡು ಎಂದುಕೊಳ್ಳದೆ, ಸುತ್ತಲಿನ ಕಣಗಳು ಹೇಗೆ ಹರಡಿವೆ ಎಂದು ನೋಡಿ ಅದಕ್ಕೆ ತಕ್ಕಂತೆ ಪ್ರತಿಯೊಂದನ್ನೂ ಚಪ್ಪಟೆ ಮೊಟ್ಟೆಯಂತೆ ಎಳೆಯುವುದು. ಹಾಳೆಯಂತಿರುವ ನೀರು ಹಾಳೆಯಂತೆಯೇ ಉಳಿಯುತ್ತದೆ. ಕ್ಯಾಮೆರಾ ಹತ್ತಿರ ಹೋಗುವ ದೃಶ್ಯಕ್ಕೆ ಇದು ಬಹಳ ಬೆಲೆಯ ಸಂಗತಿ. 500ಕ್ಕೆ 1ರ ಪ್ರಿಂಟಿಗೆ ಬೇಕಿಲ್ಲ.

ಮೆಟಾಬಾಲ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹತ್ತಿರ ಬಂದರೆ ಒಂದನ್ನೊಂದು ಅಂಟಿಕೊಳ್ಳುವ ಈ ಗುಂಡುಗಳ ಹಿಂದಿನ ಯೋಚನೆ ಜಿಮ್ ಬ್ಲಿನ್ 1982ರಲ್ಲಿ ಬರೆದದ್ದು, ಆಗಿನ ಕಾಲಕ್ಕೆ ಅದ್ಭುತ. ಕೆಲವು ನೂರು ಕಣದವರೆಗೆ ಈಗಲೂ ಚೆಂದ. ಕಾಯ್ದ ಉಕ್ಕು ಸುರಿಯುವಾಗ ಸಿಡಿಯುವ ದಪ್ಪ ಹನಿಗಳನ್ನು ನಾನು ಅದರಲ್ಲೇ ಮಾಡಿದ್ದೇನೆ. ಕಣಗಳು ಹಲವು ಸಾವಿರ ಆದ ಕೂಡಲೇ ಬ್ಲೆಂಡರ್ ಕುಂಟುತ್ತದೆ. ನೀರಿಗೆ ಬೇಡ.

ಬೆಂಕಿ: ಗಡಿ ಹಾಕುವುದೋ, ಕಣ ತೇಲಿಬಿಡುವುದೋ

ಅಲಾಯಿ ಕುಣಿಯ ಬೆಂಕಿ ಒಲೆಯ ಬೆಂಕಿಯಲ್ಲ. ದಪ್ಪ ದಪ್ಪ ಕಟ್ಟಿಗೆಯ ಕೆಂಡ ಕೆಳಗೆ, ಮೇಲೆ ಅಗಲವಾದ ಜ್ವಾಲೆ, ಗಾಳಿ ಬಂದಾಗ ಒಂದು ಕಡೆ ವಾಲಿ ನಾಲಗೆಗಳಾಗಿ ಒಡೆಯುತ್ತದೆ. ಟೀಚರಿಗೆ ಬೇಕಾಗಿದ್ದದ್ದು ಆ ನಾಲಗೆಗಳು. "ಕುಣಿಯೋ ಮಂದಿ ಮುಖಕ್ಕ ಬೆಳಕು ಬೀಳಬೇಕ್ರಿ, ಹಂಗ ಇರಲಿ" ಅಂದಿದ್ದರು.

ಮೊದಲ ದಾರಿ ನೇರ. ಹೊಗೆ-ಬೆಂಕಿಯ ಕ್ಯಾಶ್ ಓಪನ್‌ವಿಡಿಬಿ ಕಡತಗಳಾಗಿ ಉಳಿಯುತ್ತದೆ. ಡ್ರೀಮ್‌ವರ್ಕ್ಸ್ ಸ್ಟುಡಿಯೊ 2012ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟ ರೂಪ ಇದು. ಬೇಕಾದ ಫ್ರೇಮಿನ ಕಡತವನ್ನು ವಾಲ್ಯೂಮ್ ಆಗಿ ಒಳತಂದು, ಬೇರೊಂದು ಮೆಶ್ ವಸ್ತುವಿಗೆ ವಾಲ್ಯೂಮ್ ಟು ಮೆಶ್ ಮಾಡಿಫೈಯರ್ ಹಾಕಿ, ಆ ವಾಲ್ಯೂಮನ್ನು ತೋರಿಸಿ, ಯಾವ ಜಾಲ ಎಂದು ಹೇಳಬೇಕು. ಇಲ್ಲಿ ತಪ್ಪುವವರು ಬಹಳ. ದಟ್ಟಣೆಯ ಜಾಲ ಕೊಟ್ಟರೆ ಬರುವುದು ಹೊಗೆಯ ಮೈ, ಹೂಕೋಸಿನಂತೆ. ಜ್ವಾಲೆಯ ಜಾಲ ಕೊಟ್ಟರೆ ಬೆಂಕಿ ಬರುತ್ತದೆ.

ಗಡಿಯ ಅಂಕಿ ಬ್ಲೆಂಡರಿನಲ್ಲಿ 0.1ರಿಂದ ಶುರುವಾಗುತ್ತದೆ. ಕೆಳಗಿಳಿಸಿದರೆ ಬೆಂಕಿ ಊದಿಕೊಂಡು ಬೋರಲು ಹಾಕಿದ ಮಡಕೆಯಂತಾಗುತ್ತದೆ. ಏರಿಸಿದರೆ ಒಳಗಿನ ಬಿಸಿ ಭಾಗ ಮಾತ್ರ ಉಳಿದು, ನಾಲಗೆಯ ತುದಿಗಳು ಬುಡದಿಂದ ಕಳಚಿ ಗಾಳಿಯಲ್ಲಿ ನಿಲ್ಲುತ್ತವೆ. ಪರದೆಯ ಮೇಲೆ ಅದು ಸೊಗಸು, ಪ್ರಿಂಟರಿಗೆ ಆಗದು. ಗಾಳಿಯಲ್ಲಿ ನಿಂತ ಚೂರನ್ನು ಯಾವ ಪ್ರಿಂಟರೂ ಹಿಡಿಯುವುದಿಲ್ಲ. ಟೀಚರ ಮಗ ಕಳಿಸಿದ ಸಿಮ್ಯುಲೇಷನ್‌ನಲ್ಲಿ ಇನ್ನೊಂದು ದೋಷವಿತ್ತು: ಜ್ವಾಲೆ ಡೊಮೇನಿನ ಮೇಲ್ಭಾಗಕ್ಕೆ ತಾಗಿತ್ತು. ಮೆಶ್ ಮಾಡಿದಾಗ ನೆತ್ತಿ ಚಾಕುವಿನಲ್ಲಿ ಕೊಯ್ದಂತೆ ಸಪಾಟು. ಬೆಂಕಿ ಏರುವ ಎತ್ತರದ ಮೇಲೆ ಇನ್ನೂ ಅರ್ಧದಷ್ಟಾದರೂ ಖಾಲಿ ಜಾಗ ಬಿಡಬೇಕು.

ಈ ದಾರಿಯ ಗುಣ ಅದರ ಪ್ರಾಮಾಣಿಕತೆ. ಸಿಮ್ಯುಲೇಷನ್‌ನಲ್ಲಿ ಇದ್ದದ್ದೇ ಬರುತ್ತದೆ, ಅರ್ಧ ಗಂಟೆಯ ಕೆಲಸ. ಒಂದೇ ಫ್ರೇಮು, ತುಸು ದಪ್ಪ ಜ್ವಾಲೆ ಸಾಕು ಎನ್ನುವವರು ಇಲ್ಲೇ ನಿಲ್ಲಬಹುದು. ಆದರೆ ನಾಲಗೆಯ ದಪ್ಪ, ತುದಿಯ ಚೂಪು ನಮ್ಮ ಕೈಯಲ್ಲಿರುವುದಿಲ್ಲ. ಗಡಿ ಎಂಬ ಒಂದೇ ಹಿಡಿ, ಇಡೀ ಬೆಂಕಿ ಒಟ್ಟಿಗೇ ಏರುತ್ತದೆ ಅಥವಾ ಇಳಿಯುತ್ತದೆ.

ಎರಡನೆಯ ದಾರಿಯಲ್ಲಿ ಬೆಂಕಿಗೆ ನಾವೇ ಕಣಗಳನ್ನು ಕೊಡುತ್ತೇವೆ. ಕುಣಿಯಿಂದಲೇ ಪಾರ್ಟಿಕಲ್‌ಗಳು ಹುಟ್ಟುವಂತೆ ಮಾಡಿ, ಅವುಗಳ ಮೇಲಿನ ಗುರುತ್ವವನ್ನು ಸೊನ್ನೆಗೆ ಇಳಿಸಿ, ಫ್ಲೂಯಿಡ್ ಫ್ಲೋ ಎಂಬ ಫೋರ್ಸ್ ಫೀಲ್ಡ್ ಇಟ್ಟು ಅದಕ್ಕೆ ಬೆಂಕಿಯ ಡೊಮೇನನ್ನು ತೋರಿಸುವುದು. ಸಿಮ್ಯುಲೇಷನ್‌ನ ಗಾಳಿ ಕಣಗಳನ್ನು ಎತ್ತಿಕೊಂಡು ಹೋಗುತ್ತದೆ, ಸುಗ್ಗಿಯಲ್ಲಿ ತೂರಿದ ಹೊಟ್ಟಿನ ಹಾಗೆ. ಒಂದೇ ಸುಳಿಯಲ್ಲಿ ಸಿಕ್ಕ ಕಣಗಳು ಒಂದರ ಹಿಂದೊಂದು ಸಾಲಾಗಿ ಏರುತ್ತವೆ, ಆ ಸಾಲೇ ನಾಲಗೆ. ಆಮೇಲೆ ನೀರಿಗೆ ಮಾಡಿದಂತೆಯೇ ಗುಂಡು ಇಟ್ಟು ರೀಮೆಶ್.

ಇದರ ಜೀವ ಇರುವುದು ವಯಸ್ಸಿನಲ್ಲಿ. ಪ್ರತಿ ಕಣಕ್ಕೂ 20-30 ಫ್ರೇಮಿನ ಆಯಸ್ಸು ಕೊಡುತ್ತೇನೆ, ಎಲ್ಲಕ್ಕೂ ಒಂದೇ ಬೇಡ, ತುಸು ಹೆಚ್ಚುಕಡಿಮೆ ಇರಲಿ. ಹುಟ್ಟಿದಾಗ ದಪ್ಪ, ಸಾಯುವಾಗ ಸಣ್ಣ ಆಗುವಂತೆ ಬ್ಲೆಂಡ್ ಟೆಕ್ಸ್‌ಚರನ್ನು ಕಣದ ಗಾತ್ರಕ್ಕೆ ಕಟ್ಟುತ್ತೇನೆ. ಬುಡ ದಪ್ಪ, ತುದಿ ಚೂಪು ತಾನಾಗಿ ಬರುತ್ತದೆ. ಕಣಗಳು ಕುಣಿಯಿಂದಲೇ ಬಿಡುವಿಲ್ಲದೆ ಹೊರಟಿರುವುದರಿಂದ ನಾಲಗೆ ಬುಡಕ್ಕೆ ಅಂಟಿಯೇ ಇರುತ್ತದೆ, ಕಳಚಿದ ಚೂರು ಬಹಳ ಕಡಿಮೆ. ಕಣಗಳ ಸಂಖ್ಯೆ ಸಾಲದಿದ್ದರೆ ನಾಲಗೆ ಮಣಿಸರದಂತೆ ಕಾಣುತ್ತದೆ, ಆಗ ತ್ರಿಜ್ಯ ಏರಿಸಲು ಹೋಗಬೇಡಿ, ಸಂಖ್ಯೆ ಏರಿಸಿ.

ವಾಲ್ಯೂಮ್ ಒಳಗೆ ದಟ್ಟಣೆಗೆ ತಕ್ಕಂತೆ ಬಿಂದುಗಳನ್ನು ಚೆಲ್ಲುವ ಡಿಸ್ಟ್ರಿಬ್ಯೂಟ್ ಪಾಯಿಂಟ್ಸ್ ಇನ್ ವಾಲ್ಯೂಮ್ ಎಂಬ ನೋಡ್ ಕೂಡ ಇದೆ. ನಿಂತ ಚಿತ್ರಕ್ಕೆ ಒಳ್ಳೆಯದು. ಆದರೆ ಮುಂದಿನ ಫ್ರೇಮಿನಲ್ಲಿ ಬಿಂದುಗಳು ಬೇರೆಲ್ಲೋ ಬೀಳುತ್ತವೆ, ಹಿಂದಿನದಕ್ಕೂ ಇದಕ್ಕೂ ನಂಟಿಲ್ಲ. ಬೆಂಕಿ ಕುದಿಯುವಂತೆ ಮಿನುಗುತ್ತದೆ. ತೇಲಿಬಿಟ್ಟ ಕಣ ಹಾಗಲ್ಲ, ಅದೇ ಕಣ ಫ್ರೇಮಿನಿಂದ ಫ್ರೇಮಿಗೆ ನಡೆದು ಬರುತ್ತದೆ.

ಅಲಾಯಿಯ ಬೆಂಕಿಗೆ ನಾನು ಎರಡನ್ನೂ ಬೆರೆಸಿದೆ. ಬುಡದ ಅಗಲವಾದ ಜ್ವಾಲೆಯನ್ನು ಗಡಿ ಹಾಕಿ ತೆಗೆದೆ, ನಾಲಗೆಗಳನ್ನು ಕಣಗಳಿಂದ ಕಟ್ಟಿದೆ, ಎರಡನ್ನೂ ಕೂಡಿಸಿ ಒಮ್ಮೆ ರೀಮೆಶ್ ಮಾಡಿದೆ. ಡೊಮೇನಿನ ರೆಸಲ್ಯೂಷನ್ 128 ಸಾಕಾಯಿತು. ಮಾದರಿಯಲ್ಲಿ ಡೊಮೇನಿನ ಎತ್ತರ 200 ಮಿಲಿಮೀಟರ್, ಒಂದು ಖಾನೆ ಒಂದೂವರೆ ಮಿಲಿಮೀಟರಿನಷ್ಟು. ನಾಲಗೆಯ ಅತಿ ತೆಳು ಜಾಗವೂ ಒಂದೂವರೆ ಮಿಲಿಮೀಟರ್ ಇರುವಂತೆ ನೋಡಿಕೊಂಡೆ. ರೆಸಿನ್ ಪ್ರಿಂಟರ್ ಇದಕ್ಕಿಂತ ತೆಳುವನ್ನೂ ಹಿಡಿಯುತ್ತದೆ, ಆದರೆ ಶಾಲೆಯ ಮಕ್ಕಳ ಕೈ ತಾಗುವ ವಸ್ತು ಅದು.

ಮೆಶ್ ಕ್ಯಾಮೆರಾಗೆ ಹೋಗುವುದಾದರೆ

ಪ್ರಿಂಟಿಗೆ ಒಂದು ಫ್ರೇಮು. ವಿಡಿಯೊಗೆ ನೂರಾರು. ಅಲ್ಲಿ ಲೆಕ್ಕ ಬದಲಾಗುತ್ತದೆ. ಹತ್ತು ಲಕ್ಷ ತ್ರಿಕೋನದ ಮೆಶ್ ಎಂದರೆ ಸುಮಾರು ಐದು ಲಕ್ಷ ಬಿಂದು. ಬಿಂದುಗಳಿಗೆ 6 ಎಂಬಿ, ತ್ರಿಕೋನಗಳ ಪಟ್ಟಿಗೆ 12 ಎಂಬಿ, ಒಟ್ಟು ಫ್ರೇಮಿಗೆ 18 ಎಂಬಿ. 250 ಫ್ರೇಮಿಗೆ ನಾಲ್ಕೂವರೆ ಜಿಬಿ. ಅದೇ ಮೆಶ್ ಬೈನರಿ ಎಸ್‌ಟಿಎಲ್ ಆದರೆ ತ್ರಿಕೋನಕ್ಕೆ 50 ಬೈಟ್, ಒಂದೊಂದು ಫ್ರೇಮೇ 50 ಎಂಬಿ. ಹಾಗಾಗಿ ಚಲನೆಗೆ ಅಲೆಂಬಿಕ್ ಕಡತ ಬಳಸಿ, ಎಸ್‌ಟಿಎಲ್ ಪ್ರಿಂಟಿಗೆ ಮಾತ್ರ.

ಬಿಂದುಗಳ ಸಂಖ್ಯೆ ಫ್ರೇಮಿನಿಂದ ಫ್ರೇಮಿಗೆ ಬದಲಾಗುವುದು ಇನ್ನೊಂದು ತೊಂದರೆ. ಮೆಶ್ ಪ್ರತಿ ಸಲ ಹೊಸದಾಗಿ ಹುಟ್ಟುತ್ತದೆ. ಅದರ ಮೇಲೆ ಯುವಿ ಬಿಚ್ಚಿ (ಮೈಯನ್ನು ಹಾಳೆಯಂತೆ ಹರಡಿ) ಚಿತ್ರ ಅಂಟಿಸಲಾಗದು, ಮೋಷನ್ ಬ್ಲರ್, ಅಂದರೆ ಚಲನೆಯ ಮಸುಕು, ಕೂಡ ತಾನಾಗಿ ಬರದು. ಬ್ಲೆಂಡರಿನ ನೀರಿನ ಮೆಶ್‌ಗೆ ಸ್ಪೀಡ್ ವೆಕ್ಟರ್ ಆಯ್ಕೆ ಇದೆ, ಬೇಕ್ ಮಾಡುವ ಮೊದಲೇ ಟಿಕ್ ಹಾಕಿರಬೇಕು. ವಾಲ್ಯೂಮ್ ಟು ಮೆಶ್‌ನಲ್ಲಿ ಅಡಾಪ್ಟಿವಿಟಿ ಏರಿಸಿದರೆ ಸಪಾಟು ಜಾಗದ ತ್ರಿಕೋನಗಳು ಕಡಿಮೆಯಾಗುತ್ತವೆ. ಪ್ರಿಂಟಿಗೆ ಅದು ಲಾಭ, ಚಲನೆಯಲ್ಲಿ ಮಾತ್ರ ಹೊಳಪು ಫ್ರೇಮಿಗೊಂದು ರೀತಿ ಕಾಣುತ್ತದೆ, ಸೊನ್ನೆಯಲ್ಲೇ ಬಿಡಿ. ಪಾರ್ಟಿಕಲ್ ದಾರಿಯ ನಿಜವಾದ ಬಲ ಇಲ್ಲಿ ಗೊತ್ತಾಗುತ್ತದೆ. ಮೆಶ್ ಬದಲಾದರೂ ಕಣ ಅದೇ. ಮಳೆಗಾಲದ ಮೊದಲ ಕೆಂಪು ನೀರು ತಿಳಿನೀರಿಗೆ ಸೇರುವುದನ್ನು ತೋರಿಸಬೇಕಾದರೆ ಬಣ್ಣವನ್ನು ಕಣಕ್ಕೆ ಕೊಟ್ಟು, ಮೆಶ್‌ನ ಪ್ರತಿ ಬಿಂದುವೂ ತನಗೆ ಹತ್ತಿರದ ಕಣದಿಂದ ಬಣ್ಣ ಪಡೆಯುವಂತೆ ನೋಡ್ಸ್‌ನಲ್ಲಿ ಮಾಡಬಹುದು.

ಬೆಂಕಿಯನ್ನು ನಿಜದ ಬೆಂಕಿಯಂತೆ ತೋರಿಸುವ ವಿಡಿಯೊಗೆ ಮೆಶ್ ಮಾಡಲೇಬೇಡಿ, ವಾಲ್ಯೂಮ್ ಆಗಿಯೇ ರೆಂಡರ್ ಮಾಡಿ. ಕಾರ್ಟೂನಿನಂಥ ಬೆಂಕಿ, ಪ್ರಿಂಟು, ಶಿಲ್ಪ, ಇವಕ್ಕೆ ಮಾತ್ರ ಮೆಶ್.

ಹೂಡಿನಿ ಇವೆಲ್ಲವನ್ನೂ ಇನ್ನೂ ಚೆನ್ನಾಗಿ ಮಾಡುತ್ತದೆ, ಸಂದೇಹವಿಲ್ಲ. ಅಪ್ರೆಂಟಿಸ್ ಆವೃತ್ತಿ ಉಚಿತ. ಆದರೆ ದುಡ್ಡಿನ ಕೆಲಸಕ್ಕೆ ಬಳಸುವಂತಿಲ್ಲ, ರೆಂಡರ್ ಮೇಲೆ ಗುರುತು ಬೀಳುತ್ತದೆ. ಕಲಿಯುವವರು ಅದರಲ್ಲಿ ಕಲಿಯಲಿ. ನಾಳೆ ಕೆಲಸ ಒಪ್ಪಿಸಬೇಕಾದವರಿಗೆ ಬ್ಲೆಂಡರ್ ಸಾಕು.

ಕರೆಂಟು ಹೋದಾಗ

ನಮ್ಮ ಭಾಗದಲ್ಲಿ ಇದನ್ನು ಹೇಳದೆ ಮುಗಿಸುವಂತಿಲ್ಲ. ಏಪ್ರಿಲ್-ಮೇನಲ್ಲಿ ಬಳ್ಳಾರಿ, ರಾಯಚೂರಿನಲ್ಲಿ ತಾಪ 40 ಡಿಗ್ರಿ ದಾಟುತ್ತದೆ, ಹಗಲು ಬೇಕ್‌ಗೆ ಇಟ್ಟರೆ ಲ್ಯಾಪ್‌ಟಾಪ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ನಾನು ರಾತ್ರಿ ಊಟವಾದ ಮೇಲೆ ಹಚ್ಚಿ ಮಲಗುತ್ತೇನೆ. ಬೇಕ್‌ಗೆ ಮೊದಲು ಫೈಲ್ ಸೇವ್ ಆಗಿರಲಿ, ಕ್ಯಾಶ್ ಫೋಲ್ಡರನ್ನು ನೀವೇ ಗೊತ್ತುಮಾಡಿ. ಇಲ್ಲದಿದ್ದರೆ ತಾತ್ಕಾಲಿಕ ಫೋಲ್ಡರಿಗೆ ಹೋಗಿ ಕಳೆದುಹೋಗುತ್ತದೆ. ರೆಸ್ಯೂಮಬಲ್ ಎಂಬ ಟಿಕ್ ಹಾಕಿ. ಕ್ಯಾಶ್ ಸ್ವಲ್ಪ ದೊಡ್ಡದಾಗುತ್ತದೆ, ಆದರೆ ನಡುರಾತ್ರಿ ಕರೆಂಟು ಹೋದರೆ ಬೆಳಿಗ್ಗೆ ನಿಂತಲ್ಲಿಂದ ಮುಂದುವರಿಸಬಹುದು. ಒಮ್ಮೆ ಆ ಟಿಕ್ ಮರೆತು 180 ಫ್ರೇಮು ಮತ್ತೆ ಮೊದಲಿನಿಂದ ಮಾಡಿದ್ದೇನೆ.

ಪ್ರಿಂಟಿಗೆ ಕಳಿಸುವ ಮೊದಲು

ಹುಡುಗನ ಮೆಶ್ಶನ್ನು ಕೂತು ಬಿಡಿ ಭಾಗಗಳಾಗಿ ಒಡೆದು ನೋಡಿದೆವು. ದೊಡ್ಡ ಮೈ ಒಂದು, ಗಾಳಿಯಲ್ಲಿ ನಿಂತ ಹನಿಗಳು ನೂರಾರು. ನೀರಿಗೆ ತೀರ ಹತ್ತಿರವಿದ್ದವನ್ನು ತ್ರಿಜ್ಯ ಏರಿಸಿ ಮೈಗೆ ಸೇರಿಸಿದೆವು, ದೂರದವನ್ನು ಅಳಿಸಿದೆವು. ಅಳಿಸುವಾಗ ಅವನಿಗೆ ಸಂಕಟ. "ಅಣ್ಣಾ, ಆವತ್ತು ಹಂಗ ಸಿಡೀತಿತ್ರಿ" ಅನ್ನುತ್ತಿದ್ದ. ಎಂಟು ಹನಿಗಳನ್ನು ಸಣ್ಣ ಕಡ್ಡಿಯಂಥ ಎಳೆಯಿಂದ ಮೈಗೆ ಕಟ್ಟಿ ಉಳಿಸಿದೆವು.

ನೀರಿನ ಮೈ ಒಳಗೆ ಗಾಳಿಗುಳ್ಳೆಗಳು ಸಿಕ್ಕಿಕೊಂಡಿರುತ್ತವೆ. ಸಾದಾ ಪ್ಲಾಸ್ಟಿಕ್ ಎಳೆಯ ಪ್ರಿಂಟಿನಲ್ಲಿ ತೊಂದರೆಯಿಲ್ಲ. ರೆಸಿನ್ ಪ್ರಿಂಟಿನಲ್ಲಿ ಗುಳ್ಳೆಯೊಳಗೆ ಹಸಿ ರೆಸಿನ್ ಉಳಿದು ಆಮೇಲೆ ಸೋರುತ್ತದೆ, ಬಿರುಕೂ ಬಿಡಬಹುದು. ಒಳಗಿನ ಬಿಡಿ ಮೈಗಳನ್ನು ಆಯ್ದು ಅಳಿಸಿ, ಇಲ್ಲವೇ ಕೆಳಗಿನಿಂದ ತೂತು ಕೊಡಿ. 45 ಡಿಗ್ರಿಗಿಂತ ಹೆಚ್ಚು ಹೊರಚಾಚಿದ ನೀರಿಗೆ ಆಸರೆ ಬೇಕು. ಗೇಟಿನ ನೀರನ್ನು ನಿಂತಂತೆ ಪ್ರಿಂಟ್ ಮಾಡದೆ ಗೋಡೆಗೆ ಅಂಟುವ ಬೆನ್ನಿನ ಮೇಲೆ ಮಲಗಿಸಿದರೆ ಆಸರೆ ಬಹುತೇಕ ಬೇಕಾಗುವುದಿಲ್ಲ. ಬೆಂಕಿಯನ್ನು ಮಾತ್ರ ನಿಲ್ಲಿಸಿಯೇ ಮಾಡಿ, ನಾಲಗೆ ಮೇಲೆ ಹೋದಂತೆ ಸಣ್ಣದಾಗುವುದರಿಂದ ಅದು ತನ್ನನ್ನು ತಾನೇ ಹೊರುತ್ತದೆ.

ಅಲಾಯಿಯ ಬೆಂಕಿ ಕಿತ್ತಳೆ ರೆಸಿನ್‌ನಲ್ಲಿ ಬಂತು, ಕೆಳಗೆ ಎಲ್‌ಇಡಿ ಹಚ್ಚಿದಾಗ ದಪ್ಪ ಬುಡ ಕೆಂಪಗೆ, ತೆಳು ತುದಿ ಹಳದಿಯಾಗಿ ಕಂಡಿತು. ಹುಡುಗ ಮೊದಲು ನೀರನ್ನು ತಿಳಿ ರೆಸಿನ್‌ನಲ್ಲಿ ಮಾಡಿಸಿ ತಂದ. ನೋಡಲು ಗಾಜಿನ ಹಾಗಿತ್ತು. ಅವನಿಗೇ ಒಪ್ಪಿಗೆಯಾಗಲಿಲ್ಲ, ಆಗಸ್ಟಿನ ತುಂಗಭದ್ರೆ ಆ ಬಣ್ಣದಲ್ಲಿರುವುದಿಲ್ಲ. ಎರಡನೆಯ ಸಲ ರೆಸಿನ್‌ಗೆ ಕಂದು ಇಂಕಿನ ನಾಲ್ಕು ಹನಿ ಬೆರೆಸಿ ಮಾಡಿಸಿದ. 19ನೇ ಗೇಟಿನ ಜಾಗದಲ್ಲಿ ಅದನ್ನು ಅಂಟಿಸಿದ ಫೋಟೊ ಕಳಿಸಿದ್ದಾನೆ. ನಾವು ಕಡ್ಡಿ ಕಟ್ಟಿ ಉಳಿಸಿದ ಎಂಟು ಹನಿಗಳಲ್ಲಿ ಆರು ಇನ್ನೂ ಇವೆ.